ಅಕ್ಕ ಕಟ್ಟಿದ ಬ್ರೆಡ್ಡಿಗೆ ನಾನು ಹೇಳಿದ ಹೂಂ

ಕೈಯಲ್ಲಿ ಏನೇ ಇದ್ದರೂ ಒಂದು ಗಳಿಗೆ ಪಕ್ಕಕ್ಕಿಡಿ, ಇದನ್ನು ಕೊನೆಯವರೆಗೂ ಕೇಳಿಬಿಡಿ. ಅರ್ಧಕ್ಕೆ ಎದ್ದು ಹೋದರೆ ನಿಮಗೆ ಸಿಗುವುದು ಬರೀ ಒಂದು ಆಸ್ಪತ್ರೆಯ ಕತೆ. ಪೂರ್ತಿ ಕೂತರೆ ನಿಮ್ಮನ್ನೊಂದು ಮಾತು ಕೇಳುವುದಿದೆ, ಅದಕ್ಕೇ ಇಷ್ಟು ಒತ್ತಾಯ. ನನಗೆ ಬಾಯಿ ಜಾಸ್ತಿ. ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ನಾನು ರೇಡಿಯೋ. ಅಂಥ ರೇಡಿಯೋ ಒಮ್ಮೆ ಮೂರು ದಿನ ಗಪ್ಪಾಗಿ ಕೂತಿತ್ತು. ಅದು ಯಾಕೆ ಅನ್ನುವುದೇ ಈ ಕತೆ.

ನಮ್ಮದು ಬೇಕರಿ. ಮುಂದುಗಡೆ ಗಾಜಿನ ಕಪಾಟಿರುವ ಅಂಗಡಿ, ಅಲ್ಲಿ ಅಮ್ಮ. ಹಿಂದುಗಡೆ ಭಟ್ಟಿಯ ಕೋಣೆ, ಅಲ್ಲಿ ಅಕ್ಕ ಮತ್ತು ನಾನು. ಮೂಟೆ ತರುವುದು, ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಹೋಟೆಲ್ಲುಗಳಿಗೆ ಬ್ರೆಡ್ಡು ಹಾಕಿ ಬರುವುದು ಅಪ್ಪನ ಕೆಲಸ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹಿಟ್ಟು ಕಲಸುವುದು, ನಾದುವುದು, ಬ್ರೆಡ್ಡು ಕಟ್ಟುವುದು ಎಲ್ಲ ಅವಳೇ. ಕಟ್ಟುವುದೆಂದರೆ ನಾದಿದ ಹಿಟ್ಟನ್ನು ಅಂಗೈಯಲ್ಲಿ ಸುತ್ತಿ, ಮಡಚಿ, ಬೆರಳ ತುದಿಯಿಂದ ಅಂಚು ಒತ್ತಿ ಅದಕ್ಕೊಂದು ಆಕಾರ ಕೊಡುವುದು. ನಾನು ಭಟ್ಟಿಯ ಬಾಯಿಯ ಹತ್ತಿರ ನಿಲ್ಲುವವಳು. ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡು ಒಳಗೆ ತಳ್ಳುವುದು, ಹೊರಗೆ ಎಳೆಯುವುದು, ಮಗುಚಿ ಅದರ ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಒಳಗೆ ಬೆಂದಿದ್ದರೆ ಖಾಲಿ ಡಬ್ಬಿ ತಟ್ಟಿದ ಸದ್ದು ಬರುತ್ತದೆ. ಬೆಂದಿಲ್ಲದಿದ್ದರೆ ದಿಂಬು ತಟ್ಟಿದ ಹಾಗೆ.

ಇದರಲ್ಲಿ ಅಜ್ಜಿಯ ಕಾಲದ ಒಂದು ನಿಯಮ ಇದೆ. ಕಟ್ಟಿದವರು ತಳ ತಟ್ಟಿ ನೋಡುವಂತಿಲ್ಲ. ಅಜ್ಜಿ ಬೇಕರಿ ಶುರು ಮಾಡಿದ ಹೊಸದರಲ್ಲಿ ತಾನೇ ಕಟ್ಟಿ, ತಾನೇ ತಟ್ಟಿ, ಚೆನ್ನಾಗಿ ಬೆಂದಿದೆ ಎಂದು ಒಬ್ಬರ ಮನೆಯ ಮದುವೆ ಊಟಕ್ಕೆ ನಲವತ್ತು ಬ್ರೆಡ್ಡು ಕಳಿಸಿದ್ದಳಂತೆ. ಕುಯ್ದು ನೋಡಿದರೆ ನಲವತ್ತೂ ಒಳಗೆ ಹಸಿ. ತನ್ನ ಕೈಯಿಂದ ಆದದ್ದು ಚೆನ್ನಾಗಿರಲಿ ಎಂಬ ಆಸೆಗೆ ಕಿವಿ ಸುಳ್ಳು ಕೇಳಿಸಿಕೊಂಡಿತು ಎಂದು ಅಜ್ಜಿ ಹೇಳುತ್ತಿದ್ದಳು. ಅವತ್ತಿನಿಂದ ಒಬ್ಬರು ಕಟ್ಟಬೇಕು, ಇನ್ನೊಬ್ಬರು ತಟ್ಟಬೇಕು. ತಟ್ಟಿದವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ, ಎದುರು ಮಾತಿಲ್ಲ. ನನಗೆ ಹದಿನೇಳು ತುಂಬಿದಾಗ ಅಕ್ಕ ತನ್ನ ಬ್ರೆಡ್ಡು ತಟ್ಟುವ ಕೆಲಸ ನನಗೆ ಕೊಟ್ಟಳು. ಓದಿ ಪದವಿ ಪಡೆದಿದ್ದರೂ ನನಗೆ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ.

ಈಗ ನಮ್ಮ ತಪ್ಪು ಹೇಳುತ್ತೇನೆ. ಬೇಕರಿಯವರು ಮಾತ್ರ ಮಾಡಬಹುದಾದ ತಪ್ಪು ಅದು.

ಅಕ್ಕನ ಬೆರಳುಗಳು ಬೆಳ್ಳಗಾಗುತ್ತಿದ್ದವು. ಚಳಿಯ ಬೆಳಿಗ್ಗೆ ತಣ್ಣೀರು ಮುಟ್ಟಿದರೆ ಸಾಕು, ತುದಿಯಿಂದ ಎರಡನೇ ಗೆಣ್ಣಿನವರೆಗೆ ರಕ್ತವೇ ಇಲ್ಲದ ಹಾಗೆ. ಬೇರೆ ಯಾವ ಮನೆಯಲ್ಲಾದರೂ ಮೊದಲನೇ ದಿನವೇ ಯಾರಾದರೂ ಗಾಬರಿ ಬೀಳುತ್ತಿದ್ದರು. ನಮ್ಮಲ್ಲಿ ಎಲ್ಲರ ಕೈಯೂ ಮೂರು ಹೊತ್ತೂ ಬೆಳ್ಳಗೆ. ಅಕ್ಕ ಕೈ ತೊಳೆದುಕೊಂಡು ತಿಂಡಿಗೆ ಬಂದರೆ ಅಮ್ಮ ಬೈಯುತ್ತಿದ್ದಳು.

"ಇನ್ನೊಂದ್ ಸಲ ತೊಳ್ಕೊಂಡು ಬಾ. ಹಿಟ್ಟು ಹಾಗೇ ಇದೆ."

"ತೊಳ್ದೆ ಕಣಮ್ಮ."

"ತೊಳೆದ ಕೈಯಾ ಇದು? ಗೋಡೆಗೆ ಸುಣ್ಣ ಹೊಡೆದು ಬಂದೋಳ ಥರ ಇದೀಯ."

ನಾನೂ ನಗುತ್ತಿದ್ದೆ. ಅಕ್ಕ ಮತ್ತೆ ಎದ್ದು ಹೋಗಿ ಅದೇ ತಣ್ಣೀರಿನಲ್ಲಿ ಮತ್ತೆ ತೊಳೆಯುತ್ತಿದ್ದಳು, ಬೆರಳು ಇನ್ನಷ್ಟು ಬೆಳ್ಳಗಾಗುತ್ತಿತ್ತು. ಒಂದು ಇಡೀ ವರ್ಷ ಹೀಗೇ ನಡೆಯಿತು.

ಆಮೇಲೆ ಕೈಯ ಚರ್ಮ ಬಿಗಿಯಾಗತೊಡಗಿತು. ಬೆರಳು ಊದಿ, ಹೊಳೆದು, ಗೆಣ್ಣಿನ ಮೇಲಿನ ಗೆರೆಗಳೇ ಮಾಯವಾದವು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಅಕ್ಕ ಅಂಗೈಯ ಬುಡದಿಂದಲೇ ನಾದುವುದನ್ನು ಕಲಿತಳು, ಮೊಣಕೈಯಿಂದಲೂ ಒತ್ತುತ್ತಿದ್ದಳು, ಏನೇ ಮಾಡಿದರೂ ಅಂಚು ಒತ್ತಲು ಬೆರಳು ಬೇಕಲ್ಲ. ಬ್ರೆಡ್ಡುಗಳು ಭಟ್ಟಿಯಲ್ಲಿ ಹೊಟ್ಟೆಯೊಡೆದುಕೊಂಡು ಹೊರಬರುತ್ತಿದ್ದವು. ಒಂದು ದಿನ ಬನ್ನು ತಿನ್ನಲು ಹೋದವಳಿಗೆ ಬಾಯಿ ಅಷ್ಟು ಅಗಲಕ್ಕೆ ತೆರೆಯಲಿಲ್ಲ. ಚೂರು ಚೂರು ಮುರಿದು ತಿಂದಳು. ಅವತ್ತು ಅಮ್ಮ ಬೈಯಲಿಲ್ಲ. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಕಾಯಿಲೆಯ ಹೆಸರು ಸ್ಕ್ಲೀರೋಡರ್ಮಾ. ಹೇಳಲು ಬರಲಿ ಎಂದು ನಾನು ಹತ್ತು ಸಲ ಬರೆದುಕೊಂಡೆ. ಒಂದು ವರ್ಷ ಮಾತ್ರೆ ನುಂಗಿದ್ದಾಯಿತು. ಚರ್ಮದ ಬಿಗಿತ ಮೊಣಕೈ ದಾಟಿ ಎದೆಗೆ ಬಂತು. ಒಂದು ಮೂಟೆ ಎಳೆದರೆ ಅಕ್ಕ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಉಸಿರಿನ ಪರೀಕ್ಷೆಯ ಅಂಕಿ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಕೆಳಗೆ. ಆಗ ಡಾಕ್ಟರಮ್ಮ ನಮ್ಮೆಲ್ಲರನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ಒಂದು ಒಣಗಿದ ಗಿಡ, ಗೋಡೆಗೆ ಶ್ವಾಸಕೋಶದ ಚಿತ್ರ, ನಾಲ್ಕು ಜನಕ್ಕೆ ಮೂರೇ ಕುರ್ಚಿ. ಅಪ್ಪ ನಿಂತೇ ಇದ್ದ.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ಮೈ ಕಾಯೋಕೆ ಅಂತ ನಮ್ಮೊಳಗೆ ಕಣಗಳಿರ್ತವೆ. ನಿಮ್ಮಲ್ಲಿ ಅವು ದಾರಿ ತಪ್ಪಿವೆ. ನಿಮ್ಮದೇ ಚರ್ಮ, ನಿಮ್ಮದೇ ಶ್ವಾಸಕೋಶಾನ ಹೊರಗಿನದು ಅಂದ್ಕೊಂಡು ಮೇಲೆ ಬೀಳ್ತಿವೆ. ಮಾತ್ರೆ ಅವುಗಳನ್ನ ಸ್ವಲ್ಪ ಹೊತ್ತು ಸುಮ್ಮನಿರಿಸುತ್ತೆ, ಅಷ್ಟೇ. ಅವು ಹುಟ್ಟೋ ಜಾಗ ಮೂಳೆ ಒಳಗಿನ ಮಜ್ಜೆ. ಹಿಂದೆ ರಕ್ತದ ಕ್ಯಾನ್ಸರ್ ಇದ್ದೋರಿಗೆ ಮಜ್ಜೆ ಬದಲಾಯಿಸ್ತಿದ್ರಲ್ಲ, ಅವರಲ್ಲಿ ಕೆಲವರಿಗೆ ಇಂಥದೇ ಬೇರೆ ಕಾಯಿಲೆನೂ ಇತ್ತು. ಕೀಲು ಬಾವು, ಚರ್ಮದ ಕಾಯಿಲೆ, ಹಾಗೆ. ಕ್ಯಾನ್ಸರಿಗೆ ಅಂತ ಮಾಡಿದ್ದು, ಆಮೇಲೆ ನೋಡಿದ್ರೆ ಆ ಇನ್ನೊಂದು ಕಾಯಿಲೆನೂ ಸುಮ್ಮನಾಗಿತ್ತು. ಅಲ್ಲಿಂದ ಡಾಕ್ಟರುಗಳ ತಲೆಗೆ ಹುಳ ಹೊಕ್ಕಿದ್ದು."

"ನನಗೆ ಬೇರೆಯೋರ ಮಜ್ಜೆ ಹಾಕ್ತೀರಾ?" ಎಂದು ಅಕ್ಕ ಕೇಳಿದಳು.

"ಇಲ್ಲ, ನಿಮ್ಮದೇ. ಇಂಜೆಕ್ಷನ್ ಕೊಟ್ಟು ಮಜ್ಜೆಯಿಂದ ರಕ್ತಕ್ಕೆ ಮೂಲ ಕಣಗಳನ್ನ, ಅಂದ್ರೆ ಮಿಕ್ಕೆಲ್ಲ ಕಣ ಹುಟ್ಟೋ ಬೀಜದಂಥವನ್ನ, ಇಳಿಸ್ತೀವಿ. ಸೋಸಿ ತೆಗೆದು, ಹೆಪ್ಪುಗಟ್ಟೋ ಚಳಿಯಲ್ಲಿ ಇಡ್ತೀವಿ. ಆಮೇಲೆ ಜೋರು ಔಷಧಿ ಕೊಟ್ಟು ಮೈಯಲ್ಲಿರೋ ದಾರಿ ತಪ್ಪಿದ ಕಣಗಳನ್ನೆಲ್ಲ ತೊಳೆದುಹಾಕ್ತೀವಿ. ಎಲ್ಲ ಖಾಲಿ ಆದ ಮೇಲೆ ಇಟ್ಟಿದ್ದನ್ನ ವಾಪಸ್ ಕೊಡ್ತೀವಿ."

ಅಕ್ಕ ಸ್ವಲ್ಪ ಹೊತ್ತು ಒಣಗಿದ ಗಿಡವನ್ನೇ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏ ರೇಡಿಯೋ, ಅಜ್ಜಿ ಹೆಪ್ಪು."

ನನಗೆ ತಕ್ಷಣ ಅರ್ಥವಾಯಿತು, ನಿಮಗೆ ಹೇಳಬೇಕು. ಮೊಸರಿಗೆ ಇರುವಂತೆ ನಮ್ಮ ಬ್ರೆಡ್ಡಿಗೂ ಒಂದು ಹೆಪ್ಪಿದೆ. ಗಾಜಿನ ಡಬ್ಬಿಯಲ್ಲಿ ಹಿಟ್ಟು, ನೀರು, ಅದರಲ್ಲಿ ಜೀವ. ದಿನಾ ಅದಕ್ಕೆ ಹಿಟ್ಟು ಉಣಿಸಬೇಕು. ಒಂದೊಂದು ಸಲ ಅದು ಕೆಟ್ಟು, ಕೆಂಪು ಬಣ್ಣ ಬಂದು, ಹಾಕಿದ ಹಿಟ್ಟನ್ನೆಲ್ಲ ನೀರು ಮಾಡಿಬಿಡುತ್ತದೆ. ಅದಕ್ಕೇ ಅಜ್ಜಿ ಚೆನ್ನಾಗಿದ್ದ ಕಾಲದಲ್ಲೇ ಸ್ವಲ್ಪ ಹೆಪ್ಪನ್ನು ಕಾಗದದ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಚಕ್ಕೆ ಮಾಡಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಡುತ್ತಿದ್ದಳು. ಡಬ್ಬಿಯದು ಕೆಟ್ಟರೆ ಎಲ್ಲ ಚೆಲ್ಲಿ, ಕುದಿಯುವ ನೀರಿನಲ್ಲಿ ಡಬ್ಬಿ ತೊಳೆದು, ಆ ಚಕ್ಕೆ ನೆನೆಹಾಕಿ ಮೊದಲಿನಿಂದ ಶುರು.

ಅಕ್ಕ ಇದನ್ನೆಲ್ಲ ಡಾಕ್ಟರಮ್ಮನಿಗೆ ವಿವರಿಸಿದಳು. ಅವರು ಪೆನ್ನು ಕೆಳಗಿಟ್ಟು ಕೇಳಿದರು, ಆಮೇಲೆ ನಕ್ಕರು. "ನಾನು ಇಪ್ಪತ್ತು ವರ್ಷದಿಂದ ಇದನ್ನ ಜನರಿಗೆ ಹೇಳ್ತಿದೀನಿ, ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ."

"ಆದ್ರೆ ಡಾಕ್ಟ್ರೇ, ಅದೇ ಹೆಪ್ಪಲ್ವಾ? ಮತ್ತೆ ಕೆಡಲ್ವಾ?"

"ಕೆಲವರಲ್ಲಿ ಕಾಯಿಲೆ ವಾಪಸ್ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ವಾಪಸ್ ಹಾಕೋದು ಮೂಲ ಕಣಗಳು. ಅವಿನ್ನೂ ಏನೂ ಕಲಿತಿರಲ್ಲ. ಯಾರು ನಮ್ಮೋರು, ಯಾರು ಹೊರಗಿನೋರು ಅಂತ ಹೊಸದಾಗಿ ಕಲೀಬೇಕು. ಬಹಳ ಜನರಲ್ಲಿ ಈ ಸಲ ಸರಿಯಾಗಿ ಕಲೀತವೆ."

ಅಕ್ಕ ಇನ್ನೊಂದು ಪ್ರಶ್ನೆ ಕೇಳಿದಳು. ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

"ಕುದಿಯೋ ನೀರು ಹಾಕಿದಾಗ ಡಬ್ಬೀನೇ ಒಡೆದ್ರೆ?"

ಡಾಕ್ಟರಮ್ಮ ನಗು ನಿಲ್ಲಿಸಿದರು. "ನೂರರಲ್ಲಿ ನಾಲ್ಕೈದು ಜನಕ್ಕೆ ಹಾಗಾಗುತ್ತೆ. ನಿಮ್ಮ ಶ್ವಾಸಕೋಶ ಇನ್ನೂ ತಡ್ಕೊಳ್ಳೋ ಸ್ಥಿತೀಲಿದೆ. ಇನ್ನೊಂದು ವರ್ಷ ಕಾದ್ರೆ ನಾನೇ ಬೇಡ ಅನ್ನಬೇಕಾಗುತ್ತೆ. ಹದಿನೈದು ದಿನದಲ್ಲಿ ಯೋಚನೆ ಮಾಡಿ ಹೇಳಿ."

ಮನೆಗೆ ಬಂದ ಮೇಲೆ ಅಮ್ಮ ಒಂದೇ ಹಟ ಹಿಡಿದಳು. "ಕೈ ಹೋದ್ರೆ ಹೋಗ್ಲಿ. ಕೂತ್ಕೊಂಡು ಉಣ್ಣಲಿ, ನಾನು ತುತ್ತು ಮಾಡಿ ಹಾಕ್ತೀನಿ. ಇರೋ ಮಗಳನ್ನ ಪಣಕ್ಕಿಡಲ್ಲ." ಅಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ. ಮರುದಿನವೂ ಬಿಟ್ಟ. ಮೂರನೇ ದಿನವೂ ಬಿಡುವುದನ್ನು ನೋಡಿ ಅಕ್ಕ, "ಅಪ್ಪ, ಅದೇನು ಸೈಕಲ್ಲಾ ಬೋಂಡದ ಬಾಣಲೆನಾ?" ಅಂದಳು. ಅಪ್ಪ ನಗಲು ಹೋಗಿ ಮುಖ ತಿರುಗಿಸಿಕೊಂಡ.

ಆ ವಾರ ಒಂದು ಮಧ್ಯಾಹ್ನ, ಕೊನೆಯ ಸರದಿಯ ಬ್ರೆಡ್ಡು ತೆಗೆದಾದ ಮೇಲೆ, ಅಕ್ಕ ನನ್ನನ್ನು ಹಿಟ್ಟಿನ ಮೇಜಿನ ಎದುರು ಕೂರಿಸಿದಳು. ತನ್ನ ಎರಡು ಕೈಗಳನ್ನೂ ಮೇಜಿನ ಮೇಲೆ ಇಟ್ಟಳು, ಬೊಂಬೆಯ ಕೈಗಳ ಹಾಗೆ ಹೊಳೆಯುತ್ತಿದ್ದವು.

"ನನಗೆ ಕೈ ಬೇಕು. ಉಸಿರೂ ಬೇಕು. ಎಷ್ಟು ಬೇಕು ಅಂದ್ರೆ ಡಾಕ್ಟರು ನೂರಕ್ಕೆ ಐವತ್ತು ಜನ ಸಾಯ್ತಾರೆ ಅಂದಿದ್ರೂ ಹೂಂ ಅಂತಿದ್ದೆನೋ ಏನೋ. ಆಸೆಗೆ ನನ್ನ ಕಿವಿ ಕೆಟ್ಟಿದೆ. ಅಮ್ಮನ ಕಿವಿ ಹೆದರಿಕೆಗೆ ಕೆಟ್ಟಿದೆ. ನೀನು ತಟ್ಟಿ ನೋಡಿ ಹೇಳು."

"ಏನ್ ಹೇಳ್ತಿದೀಯಾ ಅಕ್ಕ? ಇದು ಬ್ರೆಡ್ಡಾ?"

"ನಾನು ಕಟ್ಟಿದ್ದು ಅಲ್ವಾ ಈ ಬಾಳು? ನಾನು ನೋಡ್ಬಾರ್ದು. ನೀನು ಹೂಂ ಅಂದ್ರೆ ಮಾಡಿಸ್ಕೋತೀನಿ. ಊಹೂಂ ಅಂದ್ರೆ ಬಿಡ್ತೀನಿ, ಆಮೇಲೆ ಯಾವತ್ತೂ ಆ ಮಾತು ಎತ್ತಲ್ಲ. ನಿನ್ನ ಮೇಲೆ ಸಿಟ್ಟೂ ಮಾಡ್ಕೊಳ್ಳಲ್ಲ."

"ನನಗೆ ಇಪ್ಪತ್ತೆರಡು ವರ್ಷ ಕಣೇ."

"ಹದಿನೇಳಕ್ಕೇ ನೀನು ನನ್ನ ಬ್ರೆಡ್ಡು ಹಸಿ ಅಂತ ಎಲ್ಲರ ಮುಂದೆ ಕೂಗಿದ್ದೆ. ಆಗ ನೆನಪಾಗಲಿಲ್ವಾ ವಯಸ್ಸು?"

ನಾನು ಮೂರು ದಿನ ಸಮಯ ಕೇಳಿದೆ. ರೇಡಿಯೋ ಬಂದ್ ಆಯಿತು. ಗಿರಾಕಿಗಳು ಕೂಡ ಅಮ್ಮನ ಹತ್ತಿರ ವಿಚಾರಿಸಿದರು, ಹಿಂದುಗಡೆ ಯಾಕೆ ಸದ್ದೇ ಇಲ್ಲ, ಹುಡುಗಿಗೆ ಹುಷಾರಿಲ್ಲವಾ ಎಂದು.

ಮೊದಲನೇ ದಿನ ಡಾಕ್ಟರಮ್ಮ ಕೊಟ್ಟ ಹಾಳೆಗಳನ್ನೆಲ್ಲ ಓದಿದೆ. ಎರಡನೇ ದಿನ ಅವರ ಮೂಲಕ ಒಬ್ಬ ಬಸ್ ಡ್ರೈವರಣ್ಣನ ಪರಿಚಯವಾಯಿತು. ಇದೇ ಕಾಯಿಲೆ, ಇದೇ ಚಿಕಿತ್ಸೆ, ಮಾಡಿಸಿಕೊಂಡು ಐದು ವರ್ಷ ಆಗಿತ್ತು. ಡಿಪೋದ ಕ್ಯಾಂಟೀನಿನಲ್ಲಿ ಕೂತು ಸ್ಟೀರಿಂಗ್ ಹಿಡಿದ ಹಾಗೆ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದು ತೋರಿಸಿದ. ಒಂದು ಗಂಟೆ ಮಾತಾಡಿದ, ನನಗೇ ಸರಿಸಾಟಿ. ಹೊರಡುವಾಗ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟ.

"ನನ್ನೊಬ್ಬನ ಮಾತು ಕೇಳ್ಕೊಂಡು ಹೋದ್ರೆ ಅದು ಮೋಸ ಆಗುತ್ತೆ ತಂಗಿ. ನನ್ನ ಪಕ್ಕದ ಕೋಣೇಲಿ ಒಬ್ಬ ಹೆಣ್ಣುಮಗಳಿದ್ದಳು. ಹೊರಗೆ ಬರಲಿಲ್ಲ. ಇದು ಅವಳ ಗಂಡನ ನಂಬರು. ಟೈಲರ್. ಒಳ್ಳೆ ಮನುಷ್ಯ, ಮಾತಾಡ್ತಾನೆ."

ಮೂರನೇ ದಿನ ಆ ಟೈಲರಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನಾನು ಯಾರು, ಯಾಕೆ ಮಾಡಿದೆ ಎಂದು ಹೇಳಿದ ಮೇಲೆ ಸದ್ದು ನಿಂತಿತು.

"ನಾನೇ ಹೂಂ ಅಂದಿದ್ದಮ್ಮ," ಅಂದ. "ಅವಳು ನನ್ನ ಕೇಳಿದಳು, ನಾನು ಮಾಡಿಸ್ಕೋ ಅಂದೆ. ಕಣ ವಾಪಸ್ ಹಾಕಿದ ಹನ್ನೆರಡನೇ ದಿನ ಹೋದಳು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ತಪ್ಪು ಮಾಡಿದ್ರಾ ಅಂತ ಕೇಳೋಕೆ ಫೋನ್ ಮಾಡಿದೀರಿ ಅಲ್ವಾ? ಕೇಳಿ, ಪರವಾಗಿಲ್ಲ. ನಂಗೆ ಗೊತ್ತಿಲ್ಲ. ಕೆಲವು ದಿನ ತಪ್ಪು ಅನ್ಸುತ್ತೆ. ಆದ್ರೆ ಅವಳು ಅಷ್ಟು ದೊಡ್ಡ ಮಾತನ್ನ ನಂಬಿ ನನ್ನ ಕೈಗೆ ಕೊಟ್ಟಿದ್ಲು. ನಂಗೊತ್ತಿಲ್ಲ, ನೀನೇ ನೋಡ್ಕೋ ಅಂತ ವಾಪಸ್ ಕೊಟ್ಟಿದ್ರೆ ಅವಳು ಒಬ್ಬಳೇ ಆಗ್ತಿದ್ಲು. ಅದೊಂದು ಮಾಡಲಿಲ್ಲ. ನೀವೂ ಮಾಡಬೇಡಿ. ಏನಾದ್ರೂ ಒಂದು ಹೇಳಿ." ಆಮೇಲೆ, "ನಿಮ್ಮಕ್ಕ ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದ. ಬ್ರೆಡ್ಡು ಮಾಡುತ್ತಾಳೆ ಅಂದೆ. "ಹಾಗಾದ್ರೆ ಕೈ ಬೇಕು," ಅಂದ.

ಆ ಸಂಜೆ ಅಂಗಡಿ ಮುಚ್ಚುವ ಮುಂಚೆ ಅಕ್ಕನ ಹತ್ತಿರ ಹೋದೆ. ಭಟ್ಟಿಯ ಮುಂದೆ ನಿಲ್ಲುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬಾಗಿಲು ತೆಗೆದರೆ ಒಳಗಿನ ಕಾವು ಹೋಗುತ್ತದೆ, ಬ್ರೆಡ್ಡು ಕುಸಿಯಬಹುದು. ತೆಗೆಯದೆ ನಿಂತರೆ ಸುಟ್ಟೇ ಹೋಗುತ್ತದೆ. ಅಕ್ಕನ ಉಸಿರಿನ ಅಂಕಿಗಳನ್ನು ನಾನು ಒಂದರ ಕೆಳಗೊಂದು ಬರೆದು ನೋಡಿದ್ದೆ. ಕಾಯುವುದೂ ಒಂದು ನಿರ್ಧಾರವೇ, ಅದರ ಕೊನೆ ಏನೆಂದು ಆ ಹಾಳೆಯಲ್ಲೇ ಕಾಣುತ್ತಿತ್ತು.

"ಹೂಂ," ಅಂದೆ.

ಅಕ್ಕ ಯಾಕೆ, ಹೇಗೆ ಎಂದು ಒಂದೂ ಕೇಳಲಿಲ್ಲ. "ಸರಿ," ಎಂದು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. ಅಮ್ಮ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ನನ್ನ ಮುಂದೆ ಇಡುತ್ತಿದ್ದಳು, ಸಾರು ಬಡಿಸುತ್ತಿದ್ದಳು, ಮುಖ ಮಾತ್ರ ಗೋಡೆಯ ಕಡೆಗೆ.

ಇನ್ನು ಆಸ್ಪತ್ರೆ. ಮೊದಲು ಕಣಗಳನ್ನು ರಕ್ತಕ್ಕಿಳಿಸುವ ಇಂಜೆಕ್ಷನ್. ಅದಕ್ಕೆ ಸೊಂಟದ ಮೂಳೆ, ಎದೆಯ ಮೂಳೆ ಎಲ್ಲ ನೋಯುತ್ತವೆ. "ಒಳಗೆ ಯಾರೋ ಜೋರಾಗಿ ನಾದ್ತಿದಾರೆ," ಅಂದಳು ಅಕ್ಕ. ಆಮೇಲೆ ಒಂದು ಕೈಯಿಂದ ರಕ್ತ ಹೊರಗೆ, ಯಂತ್ರದೊಳಗೆ ಸುತ್ತಿ, ಇನ್ನೊಂದು ಕೈಯಿಂದ ವಾಪಸ್. ಐದು ಗಂಟೆ ಹಾಗೇ. ಕೊನೆಗೆ ಒಂದು ಸಣ್ಣ ಚೀಲ, ಟೊಮೆಟೊ ಸಾರಿನ ಬಣ್ಣ. ಇಷ್ಟೇನಾ ಎಂದು ಅಪ್ಪ ಕೇಳಿದ. ಅಲ್ಲಿನ ಹಿರಿಯ ನರ್ಸಮ್ಮ, "ನಿಮ್ಮ ಮಗಳು ಮತ್ತೆ ಹುಟ್ಟೋಕೆ ಇಷ್ಟು ಸಾಕು," ಅಂದರು. ಚೀಲ ಚಳಿಪೆಟ್ಟಿಗೆಗೆ ಹೋಗುವಾಗ ಅಕ್ಕ ಕೂಗಿ ಹೇಳಿದಳು, "ಸಿಸ್ಟರ್, ಮೇಲೆ ತಾರೀಕು ಬರೀರಿ. ನಾವು ಚಕ್ಕೆ ಪೊಟ್ಟಣಕ್ಕೂ ಬರೀತೀವಿ."

ಆಮೇಲೆ ಜೋರು ಔಷಧಿ. ನಾಲ್ಕು ದಿನ ವಾಂತಿ, ಕೂದಲೆಲ್ಲ ದಿಂಬಿನ ಮೇಲೆ. ಅಕ್ಕನನ್ನು ಗಾಜಿನ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಬೇಕರಿಯವರು ಎಂದು ತಿಳಿದ ಮೇಲೆ ನರ್ಸಮ್ಮ ನಮಗೆ ಬೇರೆಯೇ ಕಾನೂನು ಮಾಡಿದರು. ಹಿಟ್ಟಿನ ಧೂಳು, ಬೂಷ್ಟು, ಹೆಪ್ಪು ಯಾವುದರ ಕಣವೂ ಅಕ್ಕನ ಹತ್ತಿರ ಬರುವಂತಿಲ್ಲ. ನಾನು ಬೇಕರಿಯಿಂದ ಬರುವ ದಿನ ತಲೆಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಉಗುರಿನ ಸಂದಿ ತೋರಿಸಿದರೆ ಮಾತ್ರ ಗಾಜಿನ ಈಚೆ ನಿಲ್ಲಲು ಅನುಮತಿ. ಒಂದು ಸಲ ಕಿವಿಯ ಹಿಂದೆ ಹಿಟ್ಟು ಸಿಕ್ಕಿ ವಾಪಸ್ ಕಳಿಸಿದರು. ನಾನು ಜಗಳಕ್ಕೆ ನಿಲ್ಲಲಿಲ್ಲ. ಬಿಳಿ ಕಂಡರೂ ಕಾಣದ ಹಾಗಿದ್ದ ನಮಗೆ, ಇಷ್ಟು ಚೂಪಾಗಿ ನೋಡುವವರು ಸಿಕ್ಕಿದ್ದೇ ಭಾಗ್ಯ ಅನಿಸಿತು.

ಚೀಲ ಕರಗಿಸಿ ವಾಪಸ್ ಹಾಕಿದ ದಿನವನ್ನು ಅಲ್ಲಿ ಸೊನ್ನೆಯ ದಿನ ಅನ್ನುತ್ತಾರೆ, ಎಣಿಕೆ ಅಲ್ಲಿಂದ ಶುರು. ಅರ್ಧ ಗಂಟೆಯ ಕೆಲಸ. ಕಣ ಕೆಡದಿರಲಿ ಎಂದು ಸೇರಿಸಿದ ಔಷಧಿಯ ವಾಸನೆ ಉಸಿರಿನಲ್ಲಿ ಬರುತ್ತದೆ. ಅಕ್ಕ ಫೋನಿನಲ್ಲಿ, "ಏ ರೇಡಿಯೋ, ನಾನೀಗ ಬೆಳ್ಳುಳ್ಳಿ ಬನ್ನು," ಅಂದಳು. ನಾನು ಗಾಜಿನ ಈಚೆ ನಕ್ಕು ನಕ್ಕು ಕೂತುಬಿಟ್ಟೆ, ಆಮೇಲೆ ಅಲ್ಲೇ ಅತ್ತೆ.

ಏಳನೇ ದಿನದವರೆಗೆ ನಾನು ದಿನಾ ಫೋನಿನಲ್ಲಿ ಬೇಕರಿಯ ಸುದ್ದಿ ಓದುತ್ತಿದ್ದೆ. ಯಾರು ಬಂದರು, ಯಾರು ಹಳೆಯ ಬ್ರೆಡ್ಡು ಎಂದು ಜಗಳ ಆಡಿದರು, ಅಪ್ಪ ಕಟ್ಟಿದ ಬ್ರೆಡ್ಡು ಯಾವ ಪ್ರಾಣಿಯ ಹಾಗೆ ಕಾಣುತ್ತಿತ್ತು. ಎಂಟನೇ ದಿನ ಬೆಳಿಗ್ಗೆ ಅಕ್ಕ ಫೋನ್ ಎತ್ತಲಿಲ್ಲ. ಜ್ವರ. ನೂರಾ ನಾಲ್ಕರ ಹತ್ತಿರ. ಮೈಯಲ್ಲಿ ಕಾಯುವ ಕಣ ಒಂದೂ ಇಲ್ಲ, ಎಲ್ಲ ತೊಳೆದಾಗಿದೆ, ಹೊಸದು ಇನ್ನೂ ಹುಟ್ಟಿಲ್ಲ. ಗಾಜಿನ ಆಚೆ ನಾಲ್ಕು ಜನ ಅಕ್ಕನ ಸುತ್ತ ನಿಂತಿದ್ದರು, ನನಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಅಮ್ಮ ಎರಡು ತಿಂಗಳ ನಂತರ ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು ಇದು:

"ನೀನೇ ತಾನೇ ಹೂಂ ಅಂದಿದ್ದು."

ಟೈಲರ್ ಹೇಳಿದ ಹನ್ನೆರಡು ಎಂಬ ಅಂಕಿ ತಲೆಯಲ್ಲಿ ಕೂತಿತ್ತು. ಒಂಬತ್ತು ಕಳೆಯಿತು, ಹತ್ತು ಕಳೆಯಿತು, ಜ್ವರ ಇಳಿಯಲಿಲ್ಲ. ಅಪ್ಪ ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲೇ ಆಸ್ಪತ್ರೆಗೆ ಬರುತ್ತಿದ್ದ, ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದ, ಹೋಗುತ್ತಿದ್ದ.

ಹನ್ನೊಂದನೇ ದಿನ ಮಧ್ಯಾಹ್ನ ನರ್ಸಮ್ಮ ಒಳಗಿನಿಂದ ಗಾಜಿಗೆ ಗೆಣ್ಣಿನಲ್ಲಿ ತಟ್ಟಿದರು. ನಾನು ತಲೆ ಎತ್ತಿದೆ. ಒಂದು ಹಾಳೆ ಗಾಜಿಗೆ ಒತ್ತಿ ಹಿಡಿದಿದ್ದರು. ಅಷ್ಟು ದಿನ ಸೊನ್ನೆ ಇದ್ದ ಜಾಗದಲ್ಲಿ ನಾನೂರು ಎಂದು ಬರೆದಿತ್ತು. ಹೊಸ ಕಣಗಳು. ಅಮ್ಮನಿಗೆ ಓದಲು ಕನ್ನಡಕ ಸಿಗಲಿಲ್ಲ, ನಾನು ಓದಿ ಹೇಳಿದೆ. "ಇನ್ನೊಂದ್ ಸಲ ಹೇಳು," ಅಂದಳು. ಹೇಳಿದೆ. ಅವಳು ನನ್ನ ತಲೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡಳು, ಉಸಿರು ಕಟ್ಟುವಷ್ಟು. ಮರುದಿನ ಜ್ವರ ಇಳಿಯಿತು. ಅದೇ ಹನ್ನೆರಡನೇ ದಿನ ಅಕ್ಕ ಒಂದು ಲೋಟ ಗಂಜಿ ಕುಡಿದಳು. ನಾನು ಮೊದಲು ಫೋನ್ ಮಾಡಿದ್ದು ಟೈಲರಿಗೆ. ಅವನು ಯಂತ್ರ ನಿಲ್ಲಿಸಿ, "ಸಂತೋಷ ಆಯ್ತಮ್ಮ," ಅಂದ. ಅಷ್ಟು ಶುದ್ಧವಾದ ಸಂತೋಷವನ್ನು ನಾನು ಬೇರೆ ಯಾರ ದನಿಯಲ್ಲೂ ಕೇಳಿಲ್ಲ.

ಮನೆಗೆ ಬಂದ ಮೇಲೂ ಎಲ್ಲ ಒಂದೇ ಸಲ ಸರಿಹೋಗಲಿಲ್ಲ. ಆರು ತಿಂಗಳು ಅಕ್ಕ ಬೇಕರಿಯ ಬೀದಿಗೇ ಬರುವಂತಿರಲಿಲ್ಲ. ಹಳೆಯ ಕಣಗಳ ಜೊತೆ ಹಳೆಯ ಲಸಿಕೆಗಳ ನೆನಪೂ ಹೋಗಿತ್ತು, ಹಾಗಾಗಿ ಮೂವತ್ತನಾಲ್ಕು ವರ್ಷದ ಅಕ್ಕ ಕೂಸುಗಳ ಸಾಲಿನಲ್ಲಿ ಕೂತು ಲಸಿಕೆ ಹಾಕಿಸಿಕೊಂಡಳು. ಪಕ್ಕದ ಮಗು ಅಳಲಿಲ್ಲವಂತೆ, ಇವಳು ಅತ್ತಳಂತೆ. ನಾಲ್ಕನೇ ತಿಂಗಳಲ್ಲಿ ಒಂದು ದಿನ ನನ್ನನ್ನು ಕರೆದು, "ಇಲ್ಲಿ ಚಿವುಟು," ಎಂದು ಮುಂಗೈ ಚಾಚಿದಳು. ಚಿವುಟಿದೆ. ಚರ್ಮ ಬೆರಳಿಗೆ ಸಿಕ್ಕಿತು. ಎರಡು ವರ್ಷದಿಂದ ಸಿಗದ ಚರ್ಮ. ಗೆಣ್ಣಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ವಾಪಸ್ ಬಂದಿತ್ತು. ಆಮೇಲೆ ಅಮ್ಮ ಚಿವುಟಿದಳು, ಅಪ್ಪ ಚಿವುಟಿದ. "ಸಾಕು, ಕೈ ಕೆಂಪಾಯ್ತು," ಎಂದು ಅಕ್ಕ ಕೂಗಿದಳು. ಕೆಂಪಾಗಿದ್ದನ್ನು ನಾವು ಮೂವರೂ ಬಗ್ಗಿ ಬಗ್ಗಿ ನೋಡಿದೆವು.

ವರ್ಷ ತುಂಬುವ ಹೊತ್ತಿಗೆ ಮುಷ್ಟಿ ಕಟ್ಟುತ್ತಿದ್ದಳು. ಉಸಿರಿನ ಅಂಕಿ ಇಳಿಯುವುದು ನಿಂತಿತು, ಸ್ವಲ್ಪ ಮೇಲೆಯೂ ಬಂತು. ಎಡಗೈಯ ಎರಡು ಬೆರಳು ಮಾತ್ರ ಪೂರ್ತಿ ನೆಟ್ಟಗಾಗಿಲ್ಲ, ಆಗುವುದೂ ಇಲ್ಲವಂತೆ. ಕಾಯಿಲೆ ಮತ್ತೆ ಬರುವುದೇ ಇಲ್ಲ ಎಂದು ಡಾಕ್ಟರಮ್ಮ ಯಾವತ್ತೂ ಹೇಳಿಲ್ಲ, ನಾವೂ ಒತ್ತಾಯ ಮಾಡಿಲ್ಲ.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಅಕ್ಕ ಬೇಕರಿಗೆ ವಾಪಸ್ ಬಂದ ದಿನ ಒಂದೇ ಒಂದು ಬ್ರೆಡ್ಡು ಕಟ್ಟಿದಳು. ಅಂಚನ್ನು ಬೆರಳ ತುದಿಯಿಂದ ಒತ್ತಿ ಒತ್ತಿ, ಅರ್ಧ ಗಂಟೆ ತೆಗೆದುಕೊಂಡಳು. ನಾನು ಭಟ್ಟಿಗೆ ತಳ್ಳಿದೆ. ಹೊತ್ತಾದ ಮೇಲೆ ಎಳೆದು, ಮಗುಚಿ, ತಳ ತಟ್ಟಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಊಹೂಂ. ಇನ್ನೂ ಎರಡು ನಿಮಿಷ ಬೇಕು."

"ಇವಳ ಬಾಯಿಗೆ," ಅಂದಳು ಅಮ್ಮ. "ಇವತ್ತೊಂದಿನ ಹೂಂ ಅಂದ್ರೆ ಗಂಟು ಹೋಗುತ್ತಾ?"

ಅಕ್ಕ ಮಾಸ್ಕಿನ ಹಿಂದೆ ನಗುತ್ತಿದ್ದಳು. "ಅವಳು ಹಾಗೇ ಇರ್ಲಿ ಬಿಡಮ್ಮ. ಅದಕ್ಕೇ ಅವಳನ್ನ ಕೇಳಿದ್ದು."

ಎರಡು ನಿಮಿಷ ಬಿಟ್ಟು ತೆಗೆದ ಆ ಬ್ರೆಡ್ಡಿನ ಅರ್ಧ ನರ್ಸಮ್ಮನಿಗೂ ಡಾಕ್ಟರಮ್ಮನಿಗೂ ಹೋಯಿತು. ಉಳಿದ ಅರ್ಧವನ್ನು ಅಪ್ಪ ಬುಟ್ಟಿಯಲ್ಲಿಟ್ಟುಕೊಂಡು ಊರಿನ ಇನ್ನೊಂದು ತುದಿಯವರೆಗೆ ಸೈಕಲ್ ತುಳಿದು ಟೈಲರಿಗೆ ಕೊಟ್ಟು ಬಂದ. ಈಗ ಪ್ರತಿ ವಾರವೂ ಅವನಿಗೊಂದು ಬ್ರೆಡ್ಡು ಹೋಗುತ್ತದೆ. ಅವನು ನಮಗೆಲ್ಲ ಹೊಸ ಏಪ್ರನ್ ಹೊಲಿದು ಕಳಿಸಿದ್ದಾನೆ. ಅಕ್ಕನದಕ್ಕೆ ಎರಡು ಜೇಬು, ಕೈ ಬೆಚ್ಚಗಿಟ್ಟುಕೊಳ್ಳಲಿ ಎಂದು ಒಳಗೆ ಉಣ್ಣೆಯ ಪದರ ಹಾಕಿದ್ದಾನೆ.

ಅಕ್ಕ ಕೈ ತೊಳೆದು ಊಟಕ್ಕೆ ಕೂತಾಗಲೆಲ್ಲ ನಾನು ಅವಳ ಬೆರಳಿನ ಬಣ್ಣ ನೋಡುತ್ತೇನೆ. ನೋಡಿದಾಗಲೆಲ್ಲ ಕೆಲವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ: ಡಾಕ್ಟರಮ್ಮನಿಗೆ, ಕಿವಿಯ ಹಿಂದಿನ ಹಿಟ್ಟು ಹುಡುಕಿದ ನರ್ಸಮ್ಮನಿಗೆ, ತನ್ನ ಮಾತೊಂದನ್ನೇ ನಂಬಬೇಡ ಅಂದ ಡ್ರೈವರಣ್ಣನಿಗೆ. ಈ ಚಿಕಿತ್ಸೆಯಿಂದ ಉಪಯೋಗವಾಗುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಆ ಮಂಚದ ಮೇಲೆ ಮಲಗಿದವರಿಗೆ. ಹೊರಗೆ ಬಾರದ ಆ ಹೆಣ್ಣುಮಗಳಿಗೆ.

ಎಲ್ಲರೂ ನನಗೆ ಭೇಷ್ ಅನ್ನುತ್ತಾರೆ. ಸರಿಯಾದ ಮಾತು ಹೇಳಿದೆ ಎನ್ನುತ್ತಾರೆ. ನನಗೆ ಮಾತ್ರ ಗೊತ್ತು, ಟೈಲರ್ ಹೇಳಿದ್ದೂ ನಾನು ಹೇಳಿದ್ದೂ ಅದೇ ಹೂಂ. ಹನ್ನೊಂದನೇ ದಿನ ಆ ಹಾಳೆಯಲ್ಲಿ ಸೊನ್ನೆಯೇ ಇದ್ದಿದ್ದರೆ ನನ್ನ ಮಾತು ಬದಲಾಗುತ್ತಿರಲಿಲ್ಲ, ನಾನು ಇರುವ ಜಾಗ ಮಾತ್ರ ಬದಲಾಗುತ್ತಿತ್ತು. ಅದಕ್ಕೇ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿದ್ದು. ಹಿಟ್ಟಿನ ಮೇಜಿನ ಆಚೆ ನಿಮ್ಮ ಅಕ್ಕ ಮಡಚಲು ಬಾರದ ಆ ಕೈಗಳನ್ನು ಇಟ್ಟುಕೊಂಡು, ನಾನು ನೋಡಬಾರದು, ನೀನೇ ತಟ್ಟಿ ಹೇಳು ಅಂದಿದ್ದರೆ, ನೀವು ಏನು ಹೇಳುತ್ತಿದ್ದಿರಿ?